ತಪಾಸಣೆ ವ್ಯಾನ್ ಬಂತು, ರಿಪೋರ್ಟೂ ಬಂತು. ಆಮೇಲೆ?

ಸಂಜೆಮಲ್ಲಿಗೆ
ಎಲ್ಲರಿಗೂ ನಮಸ್ಕಾರ. ಸ್ವಲ್ಪ ಉದ್ದ ಇದೆ, ಸಿಟ್ಟಲ್ಲೂ ಬರೀತಿದ್ದೀನಿ, ಸಹಿಸ್ಕೊಳ್ಳಿ.

ನಾಲ್ಕು ತಿಂಗಳ ಹಿಂದೆ ನಮ್ಮ ದೊಡ್ಡಮ್ಮ (58 ವರ್ಷ) ಒಂದು ಕ್ಯಾನ್ಸರ್ ತಪಾಸಣೆ ಶಿಬಿರಕ್ಕೆ ಹೋಗಿದ್ರು. ವ್ಯಾನಿನೊಳಗೇ ಮ್ಯಾಮೊಗ್ರಾಂ (ಸ್ತನದ ಎಕ್ಸ್‌ರೇ) ಯಂತ್ರ. ಚಿತ್ರವನ್ನ ಮೊದಲು ಎಐ ನೋಡುತ್ತೆ, ಆಮೇಲೆ ಎಲ್ಲೋ ದೂರದಲ್ಲಿರೋ ರೇಡಿಯಾಲಜಿಸ್ಟ್ (ಇಂಥ ಚಿತ್ರ ಓದೋ ಡಾಕ್ಟರ್) ನೋಡ್ತಾರೆ ಅಂತ ಹೇಳಿದ್ರಂತೆ. ದೊಡ್ಡಮ್ಮ ಖುಷಿಯಾಗೇ ವಾಪಸ್ ಬಂದ್ರು. "ಹತ್ತು ನಿಮಿಷ ಕಣೇ, ಸ್ವಲ್ಪ ಒತ್ತಿ ಹಿಡೀತಾರೆ ಅಷ್ಟೆ, ನೀನೂ ಹೋಗು" ಅಂತ ನನಗೇ ಬುದ್ಧಿ ಹೇಳಿದ್ರು.

ರಿಪೋರ್ಟ್ ಮೂರನೇ ದಿನಕ್ಕೇ ಬಂದಿದೆ. ಎಲ್ಲಿಗೆ? ಫಾರಂನಲ್ಲಿ ಬರೆಸಿದ್ದ ನಂಬರಿಗೆ. ಅದು ಅಣ್ಣನ ನಂಬರು. ಸಾಲ ಬೇಕಾ, ಸಿಮ್ ಬ್ಲಾಕ್ ಆಗುತ್ತೆ ಅನ್ನೋ ಮೆಸೇಜುಗಳ ಮಧ್ಯೆ ಇಂಗ್ಲಿಷಲ್ಲಿ ಒಂದು ಸಾಲು, ಒಂದು ಲಿಂಕು. ಒತ್ತಿದ್ರೆ ಪಾಸ್‌ವರ್ಡ್ ಕೇಳುತ್ತೆ. ಅವನು ಯಾವುದೋ ಮೋಸದ ಮೆಸೇಜು ಅಂತ ಬಿಟ್ಟುಬಿಟ್ಟಿದ್ದಾನೆ, ಅವನ ತಪ್ಪೂ ಅಲ್ಲ. "ರಿಪೋರ್ಟ್ ಬರಲಿಲ್ಲ ಅಂದ್ರೆ ಎಲ್ಲಾ ಸರಿಯಿದೆ ಅಂತ ಅರ್ಥ" ಅಂದ್ಕೊಂಡು ದೊಡ್ಡಮ್ಮ ಸುಮ್ನಿದ್ರು. ಮೊನ್ನೆ ನಾನು ಹೋದಾಗ ಕೇಳಿ, ಹುಡುಕಿ, ತೆಗೆದು ನೋಡಿದ್ರೆ: "ಬೈರಾಡ್ಸ್ 4, ಬಯಾಪ್ಸಿ ಮಾಡಿಸುವುದು."

ನಾಲ್ಕು ತಿಂಗಳು! ವ್ಯಾನು, ಎಐ, ಉಪಗ್ರಹ ಏನೇನೋ ಇದೆ. ಒಬ್ಬ ಮನುಷ್ಯರು ಒಂದು ಫೋನ್ ಮಾಡಿಲ್ಲ. ನನ್ನ ಪ್ರಶ್ನೆ ಇಷ್ಟೇ: ಈ ತಂತ್ರಜ್ಞಾನ ನಿಜವಾಗ್ಲೂ ಎಲ್ಲಿ ಕೆಲಸಕ್ಕೆ ಬರುತ್ತೆ, ಎಲ್ಲಿ ಬರೀ ತೋರಿಕೆ?

ನರ್ಸಕ್ಕ
ಮಲ್ಲಿಗೆ, ಮೊದಲು ಬಯಾಪ್ಸಿ, ಆಮೇಲೆ ಚರ್ಚೆ. ಈ ವಾರವೇ ಕರ್ಕೊಂಡು ಹೋಗಿ.

ಗಾಬರಿ ಮಾತ್ರ ಬೇಡ. ಬೈರಾಡ್ಸ್ 4 ಅಂದ್ರೆ ಕ್ಯಾನ್ಸರ್ ಅಂತಲ್ಲ, "ಅನುಮಾನ ಇದೆ, ತುಣುಕು ತೆಗೆದು ನೋಡಬೇಕು" ಅಂತ. ಆ ಒಂದು ಸಂಖ್ಯೆಯೊಳಗೆ 2%ಕ್ಕಿಂತ ಸ್ವಲ್ಪ ಜಾಸ್ತಿ ಅನುಮಾನದಿಂದ ಹಿಡಿದು 95%ವರೆಗೂ ಬರುತ್ತೆ. ಅದಕ್ಕೇ 4ಎ, 4ಬಿ, 4ಸಿ ಅಂತ ಒಡೆದು ಬರೀತಾರೆ. ನಿಮ್ಮ ರಿಪೋರ್ಟಲ್ಲಿ ಯಾವ ಅಕ್ಷರ ಇದೆ ನೋಡಿ. ಹೋಗುವಾಗ ಮ್ಯಾಮೊಗ್ರಾಂ ಚಿತ್ರಗಳನ್ನೂ ತಗೊಂಡು ಹೋಗಿ, ಬರೀ ಕಾಗದ ಅಲ್ಲ.

ಸಂಜೆಮಲ್ಲಿಗೆ
ಅಕ್ಷರ ಇಲ್ಲ ಅಕ್ಕ. ಬರೀ 4. ನಾಳೆನೇ ಹೊರಡ್ತೀವಿ.

ತಲೆಹರಟೆ
ಎದೆಯೊಳಗಿನ ಕಡಲೆಕಾಳು ಗಾತ್ರದ ಗಂಟು ಹುಡುಕೋ ಎಐಗೆ ಒಂದು ಮನೆ ಹುಡುಕೋಕೆ ಆಗ್ಲಿಲ್ಲ.

ಕೋಡುಗೀಚುವವ
ಎಐಗೆ ಬೈಯೋದು ಸುಲಭ. ಇಲ್ಲಿ ಎಐ ತನ್ನ ಕೆಲಸ ಮಾಡಿದೆ, ಮೂರೇ ದಿನಕ್ಕೆ. ಸ್ವೀಡನ್ನಿನ ಮಾಸಾಯ್ ಪ್ರಯೋಗ ನೋಡಿ. 2023ರಲ್ಲಿ ಮೊದಲ ಫಲಿತಾಂಶ ಬಂತು, 80,000ಕ್ಕೂ ಹೆಚ್ಚು ಮಹಿಳೆಯರು. ಒಂದು ಗುಂಪಿನ ಮ್ಯಾಮೊಗ್ರಾಂಗಳನ್ನ ಮಾಮೂಲಿನಂತೆ ಇಬ್ಬರು ರೇಡಿಯಾಲಜಿಸ್ಟ್ ಓದಿದ್ರು. ಇನ್ನೊಂದು ಗುಂಪಲ್ಲಿ ಎಐ ಅನುಮಾನದ ಮಟ್ಟ ನೋಡಿ ವಿಂಗಡಿಸಿತು, ಹೆಚ್ಚಿನವನ್ನ ಒಬ್ಬರೇ ಓದಿದ್ರು. ಎಐ ಗುಂಪಲ್ಲಿ ಸಾವಿರಕ್ಕೆ 6 ಕ್ಯಾನ್ಸರ್ ಸಿಕ್ಕಿತು, ಮಾಮೂಲಿ ಗುಂಪಲ್ಲಿ 5. ಓದೋ ಕೆಲಸ 44% ಕಡಿಮೆ ಆಯ್ತು. ರೇಡಿಯಾಲಜಿಸ್ಟ್‌ಗಳೇ ಸಿಗದ ಕಡೆ ಇದು ಸಣ್ಣ ಮಾತಲ್ಲ.

ಹಳೇಸ್ಟೆತಸ್ಕೋಪ್
ಅಂಕಿ ಸರಿ ಮಾರಾಯ್ರೆ, ಆದ್ರೆ ಅದನ್ನ ತಂದು ಇಲ್ಲಿ ನೆಡೋದು ಸರಿಯಲ್ಲ. ಸ್ವೀಡನ್‌ನಲ್ಲಿ ಪ್ರತಿ ಮಹಿಳೆಗೂ ಹೆಸರು ಹಾಕಿ ಕಾಗದ ಬರುತ್ತೆ. ಬಾರದವರಿಗೆ ಮತ್ತೆ ಕಾಗದ. ಅನುಮಾನ ಇದ್ರೆ ಕರೆಸ್ಕೊಳ್ತಾರೆ, ಎಲ್ಲಿಗೆ ಹೋಗಬೇಕು ಅನ್ನೋದು ಮೊದಲೇ ನಿಗದಿ. ಆ ಇಡೀ ಸರಪಳಿ ಗಟ್ಟಿ ಇದೆ, ಅದರಲ್ಲಿ ಓದೋ ಕೊಂಡಿ ಮಾತ್ರ ಎಳೆದಾಡ್ತಿತ್ತು. ಎಐ ಆ ಕೊಂಡಿಗೆ ಬೆಸುಗೆ ಹಾಕ್ತು. ಸರಪಳಿಯೇ ಇಲ್ಲದ ಕಡೆ ಒಂದು ಕೊಂಡಿಗೆ ಚಿನ್ನದ ಲೇಪ ಮಾಡಿದ್ರೆ ಏನು ಬಂತು?

ಮೂವತ್ತು ವರ್ಷದಲ್ಲಿ ನಾನು ನೋಡಿದ್ದು ಹೇಳ್ತೀನಿ. ಜನ ತಪ್ಪಿಹೋಗೋದು ಯಂತ್ರದ ಮುಂದೆ ಅಲ್ಲ. ಒಂದು ಭೇಟಿಗೂ ಇನ್ನೊಂದು ಭೇಟಿಗೂ ನಡುವೆ. ತಪಾಸಣೆಗೆ ಒಂದು ದಿನ, ರಿಪೋರ್ಟಿಗೆ ಒಂದು ದಿನ, ಬಯಾಪ್ಸಿಗೆ ಒಂದು, ಅದರ ರಿಪೋರ್ಟಿಗೆ ಇನ್ನೊಂದು, ತಜ್ಞರ ಹತ್ರ ಮತ್ತೊಂದು. ಪ್ರತಿ ಸಲಕ್ಕೂ ಒಂದು ದಿನದ ಕೂಲಿ ಹೋಗುತ್ತೆ, ಜೊತೆಗೆ ಬರೋಕೆ ಒಬ್ಬರು ಬೇಕು. ಯಾವ ತಂತ್ರಜ್ಞಾನ ಈ ಭೇಟಿಗಳ ಸಂಖ್ಯೆಯನ್ನ ಕಡಿಮೆ ಮಾಡುತ್ತೋ ಅದು ಅಸಲಿ.

ನರ್ಸಕ್ಕ
ಡಾಕ್ಟರ್ ಹೇಳಿದ್ದಕ್ಕೆ ನನ್ನದೊಂದು ಸೇರಿಸ್ತೀನಿ, ಗರ್ಭಕೊರಳಿನ ತಪಾಸಣೆ ವಿಷಯ.

ನಾವು ಮಾಡ್ತಿದ್ದಿದ್ದು ವಿಐಎ. ಹತ್ತಿಗೆ ತೆಳು ಅಸಿಟಿಕ್ ಆಮ್ಲ ಹಚ್ಚಿ (ವಿನೆಗರ್ ಅಂದ್ಕೊಳ್ಳಿ, 3ರಿಂದ 5%) ಗರ್ಭಕೊರಳಿಗೆ ಸವರೋದು, ಒಂದು ನಿಮಿಷ ಕಾಯೋದು, ಬೆಳಕು ಹಾಕಿ ನೋಡೋದು. ಜೀವಕೋಶ ಕೆಟ್ಟಿದ್ರೆ ಆ ಜಾಗ ಬಿಳಿ ಆಗುತ್ತೆ. ಅಂಚು ಸ್ಪಷ್ಟವಾದ ದಟ್ಟ ಬಿಳಿ, ಗೋಡೆಗೆ ಸುಣ್ಣ ತಾಕಿದ ಹಾಗೆ. ಮುಂಬೈನಲ್ಲಿ ಪದವೀಧರರೂ ಅಲ್ಲದ ಆರೋಗ್ಯ ಕಾರ್ಯಕರ್ತೆಯರಿಗೆ ಇದನ್ನ ಕಲಿಸಿ ಎರಡೆರಡು ವರ್ಷಕ್ಕೊಮ್ಮೆ ನೋಡಿಸಿದ್ರು, ಗರ್ಭಕೊರಳಿನ ಕ್ಯಾನ್ಸರ್ ಸಾವು 31% ಇಳೀತು.

ಬಿಳಿ ಕಂಡ್ರೆ ಆಮೇಲೇನು? ಮೊದಲು ಕ್ರಯೋ ಇತ್ತು, ಶೀತದಿಂದ ಸುಡೋದು. ಅದಕ್ಕೆ ಗ್ಯಾಸ್ ಸಿಲಿಂಡರ್ ಬೇಕು. ಆಳೆತ್ತರದ ಸಿಲಿಂಡರನ್ನ ಜೀಪಿಗೆ ಏರಿಸೋಕೆ ಇಬ್ಬರು, ಇಳಿಸೋಕೆ ಇಬ್ಬರು, ಅಲ್ಲಿ ಹೋದಮೇಲೆ ಗ್ಯಾಸ್ ಖಾಲಿ! ನಾಲ್ಕು ಹೆಣ್ಮಕ್ಕಳನ್ನ "ಮುಂದಿನ ತಿಂಗಳು ಬನ್ನಿ" ಅಂತ ಕಳಿಸಿದ್ದು ನೆನಪಿದೆ. ಇಬ್ಬರು ಬರಲೇ ಇಲ್ಲ.

ಆಮೇಲೆ ಥರ್ಮಲ್ ಅಬ್ಲೇಷನ್ ಬಂತು. ಕೈಲಿ ಹಿಡಿಯೋ ಸಾಧನ, ಬ್ಯಾಟರಿ, ತುದಿ ಸುಮಾರು 100 ಡಿಗ್ರಿ ಬಿಸಿ. ಅರ್ಧ ನಿಮಿಷದ ಆಸುಪಾಸು ಒತ್ತಿ ಹಿಡಿದ್ರೆ ಆಯ್ತು, ಅಗತ್ಯ ಇದ್ರೆ ಇನ್ನೊಂದು ಸಲ. ಅರಿವಳಿಕೆ ಇಲ್ಲದೆಯೇ ಹೆಚ್ಚಿನವರು ತಡ್ಕೊಳ್ತಾರೆ, ಮುಟ್ಟಿನ ಹೊಟ್ಟೆನೋವಿನ ಹಾಗೆ ಅಂತಾರೆ. ವಿಶ್ವ ಆರೋಗ್ಯ ಸಂಸ್ಥೆ 2019ರಲ್ಲಿ ಇದಕ್ಕೆ ಮಾರ್ಗಸೂಚಿ ಕೊಟ್ಟಿತು. ಮೊದಲ ದಿನ ಒಬ್ಬಾಕೆ ಬಟ್ಟೆ ಸರಿ ಮಾಡ್ಕೊಂಡು ಎದ್ದು "ಇನ್ನು ಯಾವತ್ತು ಬರಬೇಕು?" ಅಂದ್ಳು. "ಒಂದು ವರ್ಷ ಬಿಟ್ಟು ಬಾ, ಪರೀಕ್ಷೆಗೆ" ಅಂದೆ. ನಂಬಲೇ ಇಲ್ಲ, ಎರಡು ಸಲ ಕೇಳಿದ್ಳು.

ಲ್ಯಾಬಿನವ
ನರ್ಸಕ್ಕಂಗೆ ಗೌರವ ಇಟ್ಕೊಂಡೇ ಒಂದು ತಿದ್ದುಪಡಿ. ವಿಐಎ ಪೂರ್ತಿ ಕಣ್ಣಳತೆ. ಒಬ್ಬರಿಗೆ ಬಿಳಿ ಕಂಡಿದ್ದು ಇನ್ನೊಬ್ಬರಿಗೆ ಕಾಣಲ್ಲ. ಮುಟ್ಟು ನಿಂತವರಲ್ಲಿ ನೋಡಬೇಕಾದ ಜಾಗವೇ ಒಳಗೆ ಸರಿದಿರುತ್ತೆ, ಅಲ್ಲಿ ವಿಐಎ ಉಪಯೋಗಕ್ಕೆ ಬರಲ್ಲ. ಮುಂಬೈ ಹೇಳಿದ್ರಿ, ಮಹಾರಾಷ್ಟ್ರದ ಉಸ್ಮಾನಾಬಾದ್‌ನ ಅಧ್ಯಯನ ಯಾಕೆ ಬಿಟ್ರಿ? 2009ರಲ್ಲಿ ಪ್ರಕಟವಾಯ್ತು, 1,31,746 ಮಹಿಳೆಯರು, ವಯಸ್ಸು 30ರಿಂದ 59. ಹಳ್ಳಿಗಳನ್ನ ಗುಂಪು ಮಾಡಿ ಕೆಲವಕ್ಕೆ ಎಚ್‌ಪಿವಿ (ಗರ್ಭಕೊರಳಿನ ಕ್ಯಾನ್ಸರ್ ತರಬಲ್ಲ ವೈರಸ್) ಪರೀಕ್ಷೆ, ಕೆಲವಕ್ಕೆ ಪ್ಯಾಪ್ (ಜೀವಕೋಶ ಸವರಿ ತೆಗೆದು ಸೂಕ್ಷ್ಮದರ್ಶಕದಲ್ಲಿ ನೋಡೋದು), ಕೆಲವಕ್ಕೆ ವಿಐಎ, ಕೆಲವಕ್ಕೆ ಏನೂ ಇಲ್ಲ. ಎಚ್‌ಪಿವಿ ಪರೀಕ್ಷೆ ಒಂದೇ ಒಂದು ಸಲ ಮಾಡಿಸಿಕೊಂಡ ಗುಂಪಲ್ಲಿ 8 ವರ್ಷದಲ್ಲಿ ಸಾವು ಸುಮಾರು ಅರ್ಧಕ್ಕಿಳಿದಿತ್ತು. ಅದೇ ಅಧ್ಯಯನದಲ್ಲಿ ಒಂದೇ ಸಲದ ವಿಐಎಯಿಂದ ಸಾವಿನಲ್ಲಿ ಹೇಳಿಕೊಳ್ಳೋಂಥ ಇಳಿಕೆ ಇರಲಿಲ್ಲ.

ಇನ್ನೊಂದು. ಎಚ್‌ಪಿವಿಗೆ ಮಾದರಿಯನ್ನ ಮಹಿಳೆ ತಾನೇ ತಗೋಬಹುದು. ಉದ್ದ ಕಡ್ಡಿಯ ಸ್ವ್ಯಾಬ್, ಮರೆಯಲ್ಲಿ ಹೋಗಿ, ಒಳಗೆ ಹಾಕಿ ತಿರುಗಿಸಿ, ಟ್ಯೂಬಲ್ಲಿ ಹಾಕಿ ಕೊಟ್ರೆ ಮುಗೀತು. ಕಾಲು ಅಗಲಿಸಿ ಮಲಗೋದು ಬೇಡ, ಡಾಕ್ಟರು ಗಂಡಸಾ ಹೆಂಗಸಾ ಅನ್ನೋ ಪ್ರಶ್ನೆ ಬೇಡ. ಆಸ್ಟ್ರೇಲಿಯಾದಲ್ಲಿ 2022ರ ಜುಲೈಯಿಂದ ತಪಾಸಣೆಗೆ ಬರೋ ಎಲ್ಲರಿಗೂ ಈ ಆಯ್ಕೆ ಕೊಟ್ಟಿದ್ದಾರೆ. ನನ್ನ ಪ್ರಕಾರ ಕಳೆದ ಇಪ್ಪತ್ತು ವರ್ಷದಲ್ಲಿ ಈ ಕ್ಷೇತ್ರದಲ್ಲಿ ಬಂದ ದೊಡ್ಡ ತಂತ್ರಜ್ಞಾನ ಅಂದ್ರೆ ಈ ಹತ್ತಿ ಕಡ್ಡಿ.

ನರ್ಸಕ್ಕ
ಒಪ್ತೀನಿ ತಮ್ಮ. ಆದ್ರೆ ನಿಮ್ಮ ಎಚ್‌ಪಿವಿ ರಿಪೋರ್ಟ್ ಬರೋಕೆ ವಾರಗಟ್ಟಲೆ ಆದ್ರೆ, ಮತ್ತೆ ಮಲ್ಲಿಗೆಯವರ ದೊಡ್ಡಮ್ಮನ ಕಥೆನೇ. ನನ್ನ ಬಿಳಿ ಚುಕ್ಕೆ ಒಂದು ನಿಮಿಷಕ್ಕೆ ಉತ್ತರ ಕೊಡುತ್ತೆ.

ಲ್ಯಾಬಿನವ
ಅದಕ್ಕೇ ಕಾರ್ಟ್ರಿಜ್ ಯಂತ್ರ ಇದೆಯಲ್ಲ, ಕ್ಷಯಕ್ಕೆ ಬಳಸೋ ಜೀನ್‌ಎಕ್ಸ್‌ಪರ್ಟ್. ಅದರಲ್ಲೇ ಎಚ್‌ಪಿವಿನೂ ಆಗುತ್ತೆ, ಸುಮಾರು ಒಂದು ಗಂಟೆ. ಯಂತ್ರ ಇರೋ ಕಡೆ ಅದು ಕ್ಷಯಕ್ಕೆ ಮಾತ್ರ ಅಂತ ಬೀಗ ಹಾಕ್ಕೊಂಡು ಕೂತಿರ್ತಾರೆ, ಅದು ಬೇರೆ ಕಥೆ.

ಆದ್ರೆ ವಾರ ಆಗೋದ್ಯಾಕೆ ಅಂತ ನಾನು ಒಳಗಿಂದ ಹೇಳ್ತೀನಿ ಕೇಳಿ. ಪರೀಕ್ಷೆಗೆ ಹಿಡಿಯೋದು ಕೆಲವು ಗಂಟೆ ಅಷ್ಟೆ. ಒಮ್ಮೆ 96 ಟ್ಯೂಬಿನ ಡಬ್ಬಿ ಬಂತು. ಐಸ್ ಪ್ಯಾಕ್ ಬೆವತು ಸ್ಟಿಕ್ಕರೆಲ್ಲ ಒದ್ದೆ. ಆರು ಟ್ಯೂಬಿನ ಬಾರ್‌ಕೋಡ್ ಕಿತ್ತು ಡಬ್ಬಿ ತಳದಲ್ಲಿ ಅಂಟ್ಕೊಂಡಿತ್ತು. ಯಾವುದು ಯಾರದ್ದು? ಆರೂ ಜನರನ್ನ ಮತ್ತೆ ಕರೆಸಬೇಕು. ಮಾದರಿ ಹಾಳಾಗಿರಲಿಲ್ಲ, ಯಂತ್ರ ಕೆಟ್ಟಿರಲಿಲ್ಲ. ಅಂಟು ಸರಿಯಿರಲಿಲ್ಲ. ಈಗ ನಾವು ಸ್ಟಿಕ್ಕರ್ ಜೊತೆ ಟ್ಯೂಬಿನ ಮೇಲೆ ಮಾರ್ಕರಲ್ಲೂ ಬರೆಸ್ತೀವಿ.

ತಲೆಹರಟೆ
"ಅಂಟಿನಿಂದ ಕ್ಯಾನ್ಸರ್ ತಪಾಸಣೆ ಸುಧಾರಣೆ" ಅಂತ ಯಾರೂ ಉದ್ಘಾಟನೆ ಮಾಡಲ್ಲ ಸ್ವಾಮಿ. ರಿಬ್ಬನ್ ಕಟ್ಟೋಕೆ ಜಾಗ ಇಲ್ಲ.

ಮೌನಿ
ಸಾಮಾನ್ಯವಾಗಿ ಓದಿ ಹೋಗ್ತೀನಿ. ಇವತ್ತು ಬರೀಬೇಕು ಅನ್ನಿಸ್ತು.

ನನಗೆ ಎಚ್‌ಪಿವಿ ಪಾಸಿಟಿವ್ ಅಂತ ಬಂದಾಗ ಮೆಸೇಜಲ್ಲಿ ಇದ್ದಿದ್ದು ಅಷ್ಟೇ, "ಪಾಸಿಟಿವ್". ವಿವರಿಸೋಕೆ ಯಾರೂ ಇಲ್ಲ. ನಾನು ಕ್ಯಾನ್ಸರ್ ಬಂದೇಬಿಡ್ತು ಅಂದ್ಕೊಂಡೆ. ಮನೆಯವರು ಇಂಟರ್‌ನೆಟ್ಟಲ್ಲಿ ನೋಡಿ "ಇದು ಲೈಂಗಿಕವಾಗಿ ಬರೋದು" ಅಂತ ಓದಿ, ಮೂರು ದಿನ ನನ್ನ ಹತ್ರ ಮಾತಾಡಲಿಲ್ಲ. ಯಾವುದೋ ಅನುಮಾನ. ನಾನೂ ಅವರ ಮೇಲೆ ಅದೇ ಅನುಮಾನ ಪಟ್ಟೆ, ಸುಳ್ಳು ಹೇಳಲ್ಲ. ಆ ಮೂರು ದಿನ ಯಾರೂ ನೋಡಬಾರದು.

ಹಳೇಸ್ಟೆತಸ್ಕೋಪ್
ಮೌನಿಯವರೇ, ಬರೆದದ್ದು ಒಳ್ಳೇದಾಯ್ತು. ಇದನ್ನ ಓದೋ ಬೇರೆಯವರಿಗೂ ಇರಲಿ: ಎಚ್‌ಪಿವಿ ಬಹಳ ಸಾಮಾನ್ಯ ವೈರಸ್, ಹೆಚ್ಚಿನವರಿಗೆ ಬದುಕಲ್ಲಿ ಯಾವಾಗಲೋ ಬಂದು, ಎರಡು ವರ್ಷದೊಳಗೆ ತಾನಾಗೇ ಹೋಗುತ್ತೆ. ಎಷ್ಟೋ ವರ್ಷ ಸದ್ದಿಲ್ಲದೆ ಇದ್ದು ಈಗ ಪರೀಕ್ಷೆಯಲ್ಲಿ ಕಾಣಿಸ್ಕೊಳ್ಳಬಹುದು. ಹಾಗಾಗಿ ಯಾರಿಂದ, ಯಾವಾಗ ಬಂತು ಅಂತ ಅದರಿಂದ ಹೇಳೋಕೇ ಆಗಲ್ಲ. ಹೋಗದೆ ವರ್ಷಗಟ್ಟಲೆ ಉಳ್ಕೊಂಡ್ರೆ ಮಾತ್ರ ತೊಂದರೆ, ಅದೂ ನಿಧಾನಕ್ಕೆ. 16 ಮತ್ತು 18ನೇ ಬಗೆ ಎರಡೇ ಸೇರಿ ಗರ್ಭಕೊರಳಿನ ಕ್ಯಾನ್ಸರ್‌ಗಳಲ್ಲಿ ಸುಮಾರು 70%ಕ್ಕೆ ಕಾರಣ. ಈ ನಂಟನ್ನ ತೋರಿಸಿಕೊಟ್ಟಿದ್ದಕ್ಕೇ ಹರಾಲ್ಡ್ ಜುರ್ ಹೌಸೆನ್‌ಗೆ 2008ರಲ್ಲಿ ನೊಬೆಲ್ ಬಂತು.

ಈಗ ಹೇಗಿದ್ದೀರಿ?

ಮೌನಿ
ಮುಂದಿನ ಪರೀಕ್ಷೆಯಲ್ಲಿ ಇರಲಿಲ್ಲ ಸರ್. ಮನೆಯವರೂ ಮಾತಾಡ್ತಾರೆ ಈಗ :)

ಕೋಡುಗೀಚುವವ
"ಪಾಸಿಟಿವ್" ಅನ್ನೋ ಪದವನ್ನೇ ಬಿಡಬೇಕು. "ಇನ್ನೊಂದು ಪರೀಕ್ಷೆ ಬೇಕು" ಅಂತ ಬರೆದ್ರೆ ಸಾಕಲ್ವಾ?

ಲ್ಯಾಬಿನವ
ಬೇಡ. ಅಷ್ಟು ಮೆತ್ತಗೆ ಬರೆದ್ರೆ ಜನ ಬರಲ್ಲ. ಏನಿದೆಯೋ ಅದನ್ನ ಹೇಳಿ, ಅದರ ಅರ್ಥ ಏನು ಅಂತ ಇನ್ನೆರಡು ಸಾಲು ಕನ್ನಡದಲ್ಲಿ ಹೇಳಿ.

ಬಿಡುಬೀಸು
ಇಷ್ಟೆಲ್ಲ ತಾಪತ್ರಯ ಯಾಕೆ? ವರ್ಷಕ್ಕೊಂದು ಫುಲ್ ಬಾಡಿ ಪ್ಯಾಕೇಜ್ ಮಾಡಿಸಿದ್ರೆ ಆಯ್ತು. ರಕ್ತದಲ್ಲೇ ಕ್ಯಾನ್ಸರ್ ಮಾರ್ಕರ್ ಎಲ್ಲಾ ಬರುತ್ತೆ, ಸಿಎ-125, ಸಿಇಎ, ಪಿಎಸ್‌ಎ. ನಾನು ಮಾಡಿಸ್ತೀನಿ. ಎಲ್ಲರಿಗೂ ಉಚಿತವಾಗಿ ಇದನ್ನ ಕೊಟ್ರೆ ಸಮಸ್ಯೆನೇ ಮುಗೀತು.

ಅಂಕಿಸಂಕಿ
ಮುಗಿಯಲ್ಲ, ಶುರುವಾಗುತ್ತೆ. ಒಂದು ಲೆಕ್ಕ ಮಾಡೋಣ, ಕಾಗದ ತಗೊಳ್ಳಿ.

ಸಾವಿರ ಜನ ಇದ್ದಾರೆ ಅಂದ್ಕೊಳ್ಳಿ, ಅವರಲ್ಲಿ 5 ಜನಕ್ಕೆ ನಿಜವಾಗಿ ಕ್ಯಾನ್ಸರ್ ಇದೆ. ನಿಮ್ಮ ಪರೀಕ್ಷೆ ಭಾರೀ ಒಳ್ಳೇದು: ಕಾಯಿಲೆ ಇದ್ದವರಲ್ಲಿ 90% ಜನರನ್ನ ಹಿಡಿಯುತ್ತೆ, ಇಲ್ಲದವರಲ್ಲಿ 90% ಜನರಿಗೆ "ಇಲ್ಲ" ಅಂತ ಸರಿಯಾಗಿ ಹೇಳುತ್ತೆ. ಆ 5ರಲ್ಲಿ ನಾಲ್ಕೋ ಐದೋ ಸಿಕ್ಕಿದ್ರು. ಉಳಿದ 995 ಆರೋಗ್ಯವಂತರಲ್ಲಿ 10% ಅಂದ್ರೆ ಹತ್ತಿರ ಹತ್ತಿರ ನೂರು ಜನಕ್ಕೆ ಸುಮ್ಸುಮ್ನೆ ಗಂಟೆ ಬಾರಿಸ್ತು. ಅಂದ್ರೆ ನಿಮಗೆ "ಇದೆ" ಅಂತ ಬಂದ್ರೂ, ನಿಜವಾಗಿ ಇರೋ ಸಾಧ್ಯತೆ ನೂರಕ್ಕೆ ನಾಲ್ಕು ಚಿಲ್ಲರೆ. ಆ ನೂರು ಜನಕ್ಕೂ ಸ್ಕ್ಯಾನು, ಸೂಜಿ, ನಿದ್ದೆಗೆಡೋ ರಾತ್ರಿ.

ಸಿಎ-125 ಅಂದ್ರಲ್ಲ, ಅದನ್ನ ಬ್ರಿಟನ್ನಿನಲ್ಲಿ ಎರಡು ಲಕ್ಷಕ್ಕೂ ಹೆಚ್ಚು ಮಹಿಳೆಯರಿದ್ದ ಪ್ರಯೋಗದಲ್ಲಿ ನೋಡಿದ್ದಾರೆ, ಅಲ್ಟ್ರಾಸೌಂಡ್ ಜೊತೆಗೂ ನೋಡಿದ್ದಾರೆ. 2021ರಲ್ಲಿ ಕೊನೇ ಲೆಕ್ಕ ಬಂತು. ಅಂಡಾಶಯದ ಕ್ಯಾನ್ಸರ್ ಸಾವು ಕಡಿಮೆ ಆಗಲಿಲ್ಲ. ಮುಟ್ಟಿನ ಸಮಯದಲ್ಲೂ ಅದು ಏರುತ್ತೆ ರೀ.

ಬಿಡುಬೀಸು
ಅಂದ್ರೆ ಗೊತ್ತಾಗದೇ ಇರೋದೇ ಒಳ್ಳೇದು ಅಂತೀರಾ? ಬೇಗ ಗೊತ್ತಾದ್ರೆ ಒಳ್ಳೇದು ಅಂತ ಚಿಕ್ಕ ಮಕ್ಕಳಿಗೂ ಗೊತ್ತು.

ಅಂಕಿಸಂಕಿ
ಬೇಗ ಗೊತ್ತಾಗಿ, ಅದರಿಂದ ಏನಾದ್ರೂ ಬದಲಾದ್ರೆ ಒಳ್ಳೇದು. ದಕ್ಷಿಣ ಕೊರಿಯಾದಲ್ಲಿ ಕತ್ತಿಗೆ ಅಲ್ಟ್ರಾಸೌಂಡ್ ಮಾಡೋದು ಹೆಚ್ಚಾಯ್ತು. 1993ಕ್ಕೂ 2011ಕ್ಕೂ ನಡುವೆ ಥೈರಾಯ್ಡ್ ಕ್ಯಾನ್ಸರ್ ಪತ್ತೆ 15 ಪಟ್ಟು ಏರಿತು. ಅದರಿಂದ ಸಾಯೋರ ಸಂಖ್ಯೆ? ಇದ್ದಲ್ಲೇ ಇತ್ತು. ಸಾವಿರಾರು ಜನ ಥೈರಾಯ್ಡ್ ತೆಗೆಸ್ಕೊಂಡು ಜೀವನಪೂರ್ತಿ ಮಾತ್ರೆ ನುಂಗ್ತಿದ್ದಾರೆ. ಅವರಿಗೆ ತೊಂದರೆನೇ ಕೊಡದೆ ಇರುತ್ತಿದ್ದ ಗಂಟಿಗೆ.

ಬಿಡುಬೀಸು
ಒಂದು ದೇಶದ ಉದಾಹರಣೆ ತಗೊಂಡು ಎಲ್ಲದಕ್ಕೂ ಹಚ್ಚಬೇಡಿ. ನನ್ನ ದುಡ್ಡು, ನನ್ನ ರಕ್ತ.

ಅಂಕಿಸಂಕಿ
ಸರಿ, ನಿಮ್ಮ ರಕ್ತಕ್ಕೆ ನಾನು ಬರಲ್ಲ. ಎಲ್ಲರಿಗೂ ಉಚಿತವಾಗಿ ಕೊಡಿ ಅಂದ್ರಲ್ಲ, ಜಗಳ ಅದಕ್ಕೆ.

ಹಳೇಸ್ಟೆತಸ್ಕೋಪ್
ಇಬ್ಬರೂ ಸಮಾಧಾನ. ಎಲ್ಲಾ ತಪಾಸಣೆಯೂ ಹೀಗಲ್ಲ ಅಂತಲೂ ಹೇಳಿ ಅಂಕಿಸಂಕಿ, ಓದೋರು ಹೆದರಿ ಬಿಟ್ಟಾರು. ಗರ್ಭಕೊರಳು, ಸ್ತನ, ದೊಡ್ಡ ಕರುಳು, ಜಾಸ್ತಿ ಸಿಗರೇಟು ಸೇದಿದವರ ಶ್ವಾಸಕೋಶ, ತಂಬಾಕು ಅಗಿಯೋರ ಬಾಯಿ, ಇವಕ್ಕೆ ಸಾವು ಕಡಿಮೆ ಆಗುತ್ತೆ ಅನ್ನೋಕೆ ಒಳ್ಳೆ ಪುರಾವೆ ಇದೆ. ಶ್ವಾಸಕೋಶದ್ದು ಕಡಿಮೆ ಡೋಸಿನ ಸಿಟಿಯಲ್ಲಿ, 2011ರ ಅಮೆರಿಕದ ಪ್ರಯೋಗದಲ್ಲಿ ಸಾವು 20% ಇಳೀತು. ಬಾಯಿಯದ್ದಂತೂ ಯಂತ್ರವೇ ಬೇಡ. ತಿರುವನಂತಪುರದ ಅಧ್ಯಯನ, 2005ರಲ್ಲಿ ಪ್ರಕಟ: ತರಬೇತಿ ಕೊಟ್ಟ ಕಾರ್ಯಕರ್ತರು ಬೆಳಕು ಬಿಟ್ಟು ಬಾಯೊಳಗೆ ನೋಡಿದ್ರು ಅಷ್ಟೆ. ತಂಬಾಕು ಅಥವಾ ಕುಡಿತ ಇದ್ದವರಲ್ಲಿ ಬಾಯಿ ಕ್ಯಾನ್ಸರ್ ಸಾವು 34% ಕಡಿಮೆ.

ಗುಂಡುಸೂಜಿ
ಶಾಖದ ಕ್ಯಾಮೆರಾದಲ್ಲಿ ಸ್ತನ ನೋಡ್ತಾರಲ್ಲ, ಥರ್ಮೋಗ್ರಫಿ, ಮುಟ್ಟೋದೂ ಇಲ್ಲ, ವಿಕಿರಣವೂ ಇಲ್ಲ. ಅದು ಮ್ಯಾಮೊಗ್ರಾಂ ಬದಲಿಗೆ ಆಗುತ್ತಾ?

ಹಳೇಸ್ಟೆತಸ್ಕೋಪ್
ಆಗಲ್ಲ. ಅಮೆರಿಕದ ಎಫ್‌ಡಿಎ (ಔಷಧ, ವೈದ್ಯಕೀಯ ಸಾಧನಗಳ ನಿಯಂತ್ರಣ ಸಂಸ್ಥೆ) ಕೂಡ ಬದಲಿಗೆ ಬಳಸಬೇಡಿ ಅಂತ ಪದೇ ಪದೇ ಎಚ್ಚರಿಸಿದೆ.

ಹೂವಪ್ಪ
ಕರುಳಿನದ್ದು ಅಂದ್ರಿ, ಕೊಳವೆ ಹಾಕಿ ನೋಡೋದಾ? ನನ್ನ ಕೈಲಾಗಲ್ಲಪ್ಪ.

ಲ್ಯಾಬಿನವ
ಮೊದಲು ಕೊಳವೆ ಬೇಡ ಅಣ್ಣ. ಫಿಟ್ ಅಂತ ಒಂದು ಪರೀಕ್ಷೆ ಇದೆ, ಮಲದಲ್ಲಿ ಕಣ್ಣಿಗೆ ಕಾಣದ ರಕ್ತ ಇದೆಯಾ ಅಂತ ನೋಡುತ್ತೆ. ಮನುಷ್ಯರ ಹಿಮೋಗ್ಲೋಬಿನ್ ಮಾತ್ರ ಹಿಡಿಯೋದ್ರಿಂದ ಊಟದ ಪಥ್ಯ ಏನೂ ಇಲ್ಲ. ನೆದರ್‌ಲ್ಯಾಂಡ್ಸ್‌ನಲ್ಲಿ 2014ರಿಂದ ಟ್ಯೂಬನ್ನ ಅಂಚೆಯಲ್ಲೇ ಮನೆಗೆ ಕಳಿಸ್ತಾರೆ. ಕಡ್ಡಿಯನ್ನ ನಾಲ್ಕು ಕಡೆ ಚುಚ್ಚಿ, ಟ್ಯೂಬಿಗೆ ಹಾಕಿ, ಅಂಚೆಗೆ ವಾಪಸ್ ಹಾಕಿದ್ರಾಯ್ತು. ಹತ್ತರಲ್ಲಿ ಏಳು ಜನ ಮಾಡ್ತಾರೆ. ಅದರಲ್ಲಿ ಬಂದ್ರೆ ಮಾತ್ರ ಕೊಳವೆ.

ಹೂವಪ್ಪ
ಅಂಚೆಯವನ ಪಾಡು ಯೋಚನೆ ಮಾಡ್ತಿದ್ದೀನಿ.

ಕೋಬಾಲ್ಟ್60
ಎಲ್ಲರೂ ಪತ್ತೆ ಬಗ್ಗೆನೇ ಮಾತಾಡ್ತಿದ್ದೀರಿ. ಪತ್ತೆ ಆದಮೇಲೆ ಚಿಕಿತ್ಸೆ ಎಲ್ಲಿ? ನಾನು ರೇಡಿಯೋಥೆರಪಿ (ವಿಕಿರಣ ಚಿಕಿತ್ಸೆ) ವಿಭಾಗದಲ್ಲಿ ಇರೋದು, ಜನ "ಕರೆಂಟ್ ಕೊಡೋದು" ಅಂತಾರಲ್ಲ, ಅಲ್ಲಿ. (ಕರೆಂಟ್ ಅಲ್ಲ ಅಂತ ದಿನಕ್ಕೆ ಹತ್ತು ಸಲ ಹೇಳಿ ಸೋತಿದ್ದೀನಿ. ಒಬ್ಬ ಅಜ್ಜ "ಹಂಗಾದ್ರೆ ಕರೆಂಟ್ ಹೋದ್ರೆ ಯಾಕ್ ನಿಲ್ಸ್ತೀರಿ?" ಅಂದ್ರು. ಉತ್ತರ ಇರಲಿಲ್ಲ.)

ವಿದ್ಯುತ್ತಿನಿಂದ ವಿಕಿರಣ ಹುಟ್ಟಿಸೋ ಲಿನಾಕ್ ಯಂತ್ರ ಒಳ್ಳೇದು, ಗುರಿ ಕರಾರುವಾಕ್ಕು. ಆದ್ರೆ ಅದಕ್ಕೆ ಏರುಪೇರಿಲ್ಲದ ವಿದ್ಯುತ್ ಬೇಕು, ತಣ್ಣನೆ ನೀರು ಸುತ್ತಬೇಕು, ಕೆಟ್ರೆ ರಿಪೇರಿಗೆ ಬಲ್ಲವರು ಬೇಕು. ವಿಕಿರಣಶೀಲ ಕೋಬಾಲ್ಟ್ ಇಟ್ಟಿರೋ ಹಳೇ ಯಂತ್ರ ಒರಟು, ಆದ್ರೆ ಗಟ್ಟಿ ಎತ್ತಿನ ಹಾಗೆ. ಅದರ ಕಷ್ಟ ಬೇರೆ: ಕೋಬಾಲ್ಟಿನ ಅರ್ಧಾಯುಷ್ಯ, ಅಂದ್ರೆ ಅದರ ವಿಕಿರಣ ಅರ್ಧಕ್ಕಿಳಿಯೋ ಸಮಯ, 5.27 ವರ್ಷ. ತಿಂಗಳಿಗೆ ಸುಮಾರು 1% ಶಕ್ತಿ ಇಳೀತಾ ಹೋಗುತ್ತೆ. ಒಳಗಿನ ಕೋಬಾಲ್ಟ್ ಬದಲಾಯಿಸದೆ ಬಿಟ್ರೆ ಎರಡು ನಿಮಿಷದ ಚಿಕಿತ್ಸೆ ಐದು ವರ್ಷದಲ್ಲಿ ನಾಲ್ಕು ನಿಮಿಷ ಆಗುತ್ತೆ, ಹೊರಗಿನ ಸಾಲು ಉದ್ದ ಆಗುತ್ತೆ. ಯಂತ್ರ ಇದೆ ಅಂತ ಲೆಕ್ಕದಲ್ಲಿರುತ್ತೆ, ಆದ್ರೆ ಅರ್ಧ ಯಂತ್ರ.

ಡಾಕ್ಟರ್ ಹೇಳಿದ ಭೇಟಿ ಲೆಕ್ಕ ನಮ್ಮಲ್ಲೂ ಸತ್ಯ. ಸ್ತನ ಕ್ಯಾನ್ಸರಿಗೆ ಮೊದಲು ಐದು ವಾರ ದಿನಾ ಬರಬೇಕಿತ್ತು, ಆಮೇಲೆ ಮೂರು ವಾರಕ್ಕಿಳೀತು. 2020ರಲ್ಲಿ ಬ್ರಿಟನ್ನಿನ ಫಾಸ್ಟ್-ಫಾರ್ವರ್ಡ್ ಪ್ರಯೋಗದ ಐದು ವರ್ಷದ ಫಲಿತಾಂಶ ಬಂತು: ಮೂರು ವಾರದ 15 ಸಲಕ್ಕೆ ಹೋಲಿಸಿದ್ರೆ, ಕ್ಯಾನ್ಸರ್ ಮತ್ತೆ ಬರದ ಹಾಗೆ ತಡೆಯೋದ್ರಲ್ಲಿ ಒಂದೇ ವಾರದ 5 ಸಲದ್ದು ಹಿಂದೆ ಬೀಳಲಿಲ್ಲ. ಎಲ್ಲರಿಗೂ ಹೊಂದಲ್ಲ, ಹೊಂದೋರಿಗೆ ಹತ್ತು ಪ್ರಯಾಣ ಉಳೀತು, ನಮಗೆ ಯಂತ್ರದ ಹತ್ತು ಪಾಳಿ ಉಳೀತು. ಹೊಸ ಯಂತ್ರ ಕೊಳ್ಳದೇ ಮೂರು ಪಟ್ಟು ಜನ! ಎಐ ಬೇಕು ಅಂದ್ರೆ ಇಲ್ಲಿ ಕೊಡಿ. ವಿಕಿರಣದಿಂದ ಕಾಪಾಡಬೇಕಾದ ಹೃದಯ, ಶ್ವಾಸಕೋಶದ ಸುತ್ತ ಸಿಟಿ ಚಿತ್ರದಲ್ಲಿ ಗೆರೆ ಎಳೆಯೋಕೆ ನಮಗೆ ಗಂಟೆಗಟ್ಟಲೆ ಹಿಡೀತಿತ್ತು. ಈಗ ಸಾಫ್ಟ್‌ವೇರ್ ನಿಮಿಷಗಳಲ್ಲಿ ಎಳೆದು ಕೊಡುತ್ತೆ, ನಾವು ತಿದ್ತೀವಿ.

ನರ್ಸಕ್ಕ
ಪ್ರಯಾಣ ಉಳಿಯೋದು ಅಂದ್ರೆ ಏನು ಅಂತ ಜೊತೆಗೆ ಬರೋ ಮಗಳನ್ನೋ ಸೊಸೆಯನ್ನೋ ಕೇಳಬೇಕು.

ಕೋಡುಗೀಚುವವ
ಸರಿ, ನನ್ನ ವಾದ ಸ್ವಲ್ಪ ತಿದ್ಕೊಳ್ತೀನಿ. ನಮ್ಮ ಸಾಫ್ಟ್‌ವೇರ್ ಮಂದಿಗೆ ಚಿತ್ರ ಓದೋ ಎಐ ಮಾದರಿ ಬರೆಯೋದು ಅಂದ್ರೆ ಹಬ್ಬ, ಪಟ್ಟಿ ಇಡೋ ಸಾಫ್ಟ್‌ವೇರ್ ಅಂದ್ರೆ ಬೇಸರ. ಆದ್ರೆ ಇಲ್ಲಿ ಬೇಕಿದ್ದಿದ್ದು ಆ ಪಟ್ಟಿ. ರಿಪೋರ್ಟ್ 4 ಅಥವಾ 5 ಬಂದು 14 ದಿನದಲ್ಲಿ ಬಯಾಪ್ಸಿ ದಾಖಲಾಗದಿದ್ರೆ ಹೆಸರು ಕೆಂಪಾಗಬೇಕು, ಒಬ್ಬ ನಿರ್ದಿಷ್ಟ ವ್ಯಕ್ತಿಯ ಪರದೆಯಲ್ಲಿ. ಅವರು ಮಾತಾಡಿದ್ದೀನಿ ಅಂತ ಗುರುತು ಹಾಕೋವರೆಗೂ ಅಳಿಸೋಕೆ ಆಗಬಾರದು. ಇದಕ್ಕೆ ಎಐ ಬೇಡ, ಮಾಮೂಲಿ ಕೋಷ್ಟಕ ಸಾಕು.

ಮತ್ತೆ, ಒಂದು ಕ್ಯಾಮೆರಾದ ಚಿತ್ರದಲ್ಲಿ ಕಲಿತ ಎಐ ಮಾದರಿ ಇನ್ನೊಂದು ಕ್ಯಾಮೆರಾ ಕೊಟ್ರೆ ತಡಕಾಡುತ್ತೆ. ಇದು ನಾವು ಜೋರಾಗಿ ಹೇಳ್ಕೊಳ್ಳದ ವಿಷಯ.

ಅಂಕಿಸಂಕಿ
ಆ "ನಿರ್ದಿಷ್ಟ ವ್ಯಕ್ತಿ"ಗೆ ಹೆಸರಿದೆ, ಪೇಷಂಟ್ ನ್ಯಾವಿಗೇಟರ್. ಡಾ. ಹೆರಾಲ್ಡ್ ಫ್ರೀಮನ್ 1990ರಲ್ಲಿ ನ್ಯೂಯಾರ್ಕಿನ ಹಾರ್ಲೆಮ್ ಆಸ್ಪತ್ರೆಯಲ್ಲಿ ಶುರು ಮಾಡಿದ್ದು. ತಪಾಸಣೆಯಲ್ಲಿ ಅನುಮಾನ ಬಂದವರ ಕೈ ಹಿಡ್ಕೊಂಡು ಬಯಾಪ್ಸಿ, ಚಿಕಿತ್ಸೆವರೆಗೂ ಕರ್ಕೊಂಡು ಹೋಗೋರು. ಉಚಿತ ತಪಾಸಣೆ ಮತ್ತು ಇದು ಸೇರಿ, ಅಲ್ಲಿ ಸ್ತನ ಕ್ಯಾನ್ಸರ್ ಬಂದವರು ಐದು ವರ್ಷ ಬದುಕಿರೋ ಪ್ರಮಾಣ 39%ರಿಂದ 70%ಕ್ಕೆ ಏರಿತು. ತಂತ್ರಜ್ಞಾನ ಅಂದ್ರೆ ಫೋನು, ಅದೂ ತಂತಿಯದ್ದು.

ಬಿಡುಬೀಸು
ಕೆಂಪು ಪಟ್ಟಿ, ಫೋನು ಎಲ್ಲಾ ಸರಿ. ಆದ್ರೆ ಯಾರ್ಯಾರಿಗೋ ನನ್ನ ರಿಪೋರ್ಟ್ ಹೇಳ್ಕೊಂಡು ತಿರುಗಿದ್ರೆ? ಅಣ್ಣನ ನಂಬರಿಗೆ ದೊಡ್ಡಮ್ಮನ ವಿಷಯ ಹೋಗಿದ್ದೇ ತಪ್ಪಲ್ವಾ?

ಮೌನಿ
ಈ ಒಂದು ಮಾತು ನಿಮ್ಮದು ಸರಿ. ನನ್ನ ಮೆಸೇಜು ಮೊದಲು ಓದಿದ್ದು ಮನೆಯವರೇ.

ನರ್ಸಕ್ಕ
ನಾವು ಕೇಳ್ತಿದ್ದಿದ್ದು ಹೀಗೆ: "ನಿಮಗೆ ಏನಾದ್ರೂ ಹೇಳಬೇಕು ಅಂದ್ರೆ ಯಾರಿಗೆ ಫೋನ್ ಮಾಡಲಿ, ಎಷ್ಟೊತ್ತಿಗೆ ಮಾಡಲಿ?" ಒಬ್ಬಾಕೆ "ಮಧ್ಯಾಹ್ನ ಎರಡಕ್ಕೆ ಪಕ್ಕದ ಮನೆಗೆ ಮಾಡಿ, ನೀವು ಬಟ್ಟೆ ಹೊಲಿಯೋರು ಅನ್ನಿ" ಅಂದಿದ್ಳು. ಹಾಗೇ ಮಾಡಿದ್ವಿ. ಬಂದ್ಳು. ಫಾರಂನಲ್ಲಿ ಇದಕ್ಕೆಲ್ಲ ಕಾಲಂ ಇರಲ್ಲ, ಹಿಂದೆ ಪೆನ್ಸಿಲಲ್ಲಿ ಬರ್ಕೊಳ್ತಿದ್ವಿ.

ಸಂಜೆಮಲ್ಲಿಗೆ
ಬಯಾಪ್ಸಿ ಆಯ್ತು. ಅಲ್ಟ್ರಾಸೌಂಡಲ್ಲಿ ನೋಡ್ಕೊಂಡು ಸೂಜಿ ಹಾಕಿದ್ರು, ಐದು ತುಣುಕು. ಪ್ರತಿ ಸಲವೂ ಸ್ಟೇಪ್ಲರ್ ಹೊಡೆದ ಹಾಗೆ ಟಕ್ ಅನ್ನುತ್ತೆ. ಮೊದಲೇ ಶಬ್ದ ಕೇಳಿಸಿ "ಹೀಗೆ ಬರುತ್ತೆ ಅಮ್ಮ" ಅಂತ ಹೇಳಿದ್ರು, ಅದಕ್ಕೇ ದೊಡ್ಡಮ್ಮ ಬೆಚ್ಚಲಿಲ್ಲ. ನಾನು ಬೆಚ್ಚಿದೆ. ರಿಪೋರ್ಟಿಗೆ ಒಂದು ವಾರ ಅಂದಿದ್ದಾರೆ.

ಹೊರಡುವಾಗ ಕೌಂಟರಲ್ಲಿ ದೊಡ್ಡಮ್ಮನ ನಂಬರೂ ನನ್ನ ನಂಬರೂ ಎರಡೂ ಬರ್ಕೊಳ್ಳಿ ಅಂದೆ. ಸಾಫ್ಟ್‌ವೇರಲ್ಲಿ ಒಂದೇ ನಂಬರಿಗೆ ಜಾಗ ಇರೋದು ಮೇಡಂ ಅಂದ್ರು. ಪಾಪ, ಆ ಹುಡುಗಿ ನನ್ನದನ್ನ ಚೀಟಿಲಿ ಬರೆದು ಮಾನಿಟರಿನ ಅಂಚಿಗೆ ಅಂಟಿಸ್ಕೊಂಡ್ಳು. ಅಲ್ಲಿ ಆಗಲೇ ಹತ್ತು ಹನ್ನೆರಡು ಚೀಟಿ ಇತ್ತು.

ಕೋಡುಗೀಚುವವ
ಇನ್ನೊಂದು ನಂಬರಿಗೆ ಕಾಲಂ ಹಾಕೋದು ಅರ್ಧ ದಿನದ ಕೆಲಸ. ಯಾರ್ರೀ ಅದನ್ನ ಬರೆದವರು?

ತಲೆಹರಟೆ
ನಿಮ್ಮಂಥವರೇ ಯಾರೋ.

ಲ್ಯಾಬಿನವ
ಆ ಚೀಟಿಯ ಅಂಟು ಹೇಗಿದೆ ಮಲ್ಲಿಗೆ, ನೋಡಿದ್ರಾ?